ಡಿಸೈನಿಗೆ ಹತ್ತು ರೂಪಾಯಿ ಜಾಸ್ತಿ

ತುಂಗೆಯ ಹಳೇ ಸೇತುವೆ ದಾಟಿ ಎಡಕ್ಕೆ ತಿರುಗಿದರೆ
ದಾದಾಪೀರಣ್ಣನ ಗುಜರಿ.
ಭಾನುವಾರ ಹತ್ತಕ್ಕೆ ಮುಂಚೆಯೇ ಹೋಗಬೇಕು,
ಬಿಸಿಲೇರಿದರೆ ತಗಡು ಮುಟ್ಟಲಾಗದು.

ಹೋಗುವಾಗ ಒಳ್ಳೆ ಸೀರೆ ಉಡಬಾರದು.
ಪರ್ಸಿನಲ್ಲಿ ನೂರರ ಮೇಲೆ ಇಡಬಾರದು,
ಇದ್ದರೆ ಕೈ ಮಾತು ಕೇಳುವುದಿಲ್ಲ.
ಮುಖ್ಯವಾಗಿ, ಇಷ್ಟವಾದದ್ದನ್ನು ಮೊದಲು ಮುಟ್ಟಬಾರದು.
ಬೇಡದ ಕುಕ್ಕರನ್ನು ಎತ್ತಿ, ತಟ್ಟಿ,
‘ಕಿವಿಯೇ ಇಲ್ವಲ್ಲ’ ಅಂತ ಮುಖ ಸಿಂಡರಿಸಿ
ಆಮೇಲೆ, ಕಾಲಿಗೆ ತಾಗಿತೆಂಬಂತೆ,
‘ಇದೇನಿದು ತೂತು ಕೆಟಲ್ಲು?’ ಅನ್ನಬೇಕು.

ಹನ್ನೊಂದು ವರ್ಷದಿಂದ ಅಂದಿದ್ದೇನೆ.
ಹನ್ನೊಂದು ವರ್ಷದಿಂದ ದಾದಾಪೀರಣ್ಣ
ಬೀಡಿಯ ತುದಿ ನೋಡುತ್ತಾ ನಕ್ಕಿದ್ದಾನೆ.
ತೂತಿನದೇ ನನಗೆ ಬೇಕೆಂದು ಅವನಿಗೆ ಗೊತ್ತು,
ಗೊತ್ತೆಂದು ನನಗೂ ಗೊತ್ತು.
ಪಾಪ, ತಕ್ಕಡಿಗೆ ಮಾತ್ರ ಏನೂ ಗೊತ್ತಿಲ್ಲ.

ಹೀಗೆ ಮನೆ ಸೇರಿದವು
ರೇಷನ್ ಅಂಗಡಿಯ ಸೀಮೆಎಣ್ಣೆ ಮಾಪು,
ಪೇಪರ್ ಮಿಲ್ಲಿನ ಯಾರದೋ ಟಿಫಿನ್ ಕ್ಯಾರಿಯರ್
(ಅನ್ನದ ಡಬ್ಬಿ ಇಲ್ಲ, ಸಾರಿನದು ಇದೆ),
ಗಾಜಿಲ್ಲದ ಲಾಟೀನು,
ಒಮ್ಮೆ ಒಂದು ಬಸ್ಸಿನ ಬೋರ್ಡು:
ಸಾಗರ, ಹೊಸನಗರ, ಆಮೇಲಿನ ಊರನ್ನು
ತುಕ್ಕು ತಿಂದಿತ್ತು.
ಅಲ್ಲಿಗೆ ನಾನೊಂದು ಮಿಂಚುಳ್ಳಿ ಬರೆದೆ.

ಬಣ್ಣವೂ ಅಗ್ಗದ್ದೇ.
ಗಾಂಧಿ ಬಜಾರಿನ ಹಾರ್ಡ್‌ವೇರಿನಲ್ಲಿ
ಯಾರದೋ ಗೇಟಿಗೆಂದು ಕಲೆಸಿ, ಅವರು ಬೇಡವೆಂದು,
ಮುಚ್ಚಳ ಬಡಿದು ಮೂಲೆಗಿಟ್ಟ ಡಬ್ಬಿಗಳು.
ಅದಕ್ಕೇ ನನ್ನ ಹೂಗಳೆಲ್ಲ ಗೇಟಿನ ನೀಲಿ,
ಎಲೆಗಳೆಲ್ಲ ಕಿಟಕಿ ಸರಳಿನ ಹಸಿರು.
‘ಇಂಥ ದಾಸವಾಳ ಎಲ್ಲಿ ಬಿಡುತ್ತೆ?’ ಅಂತಾರೆ ಅತ್ತೆ.
ಅರ್ಧ ಬೆಲೆಗೆ ಬಿಡುತ್ತೆ, ಅನ್ನುತ್ತೇನೆ.

ಈ ಭಾನುವಾರ
ಒಂದು ಕೈಯಲ್ಲಿ ಬೇಡದ ಇಡ್ಲಿ ತಟ್ಟೆ ಹಿಡಿದು
ಓರೆಗಣ್ಣಲ್ಲಿ ರಾಶಿ ಹುಡುಕುತ್ತಿದ್ದೆ,
ಒಂದು ನೀಲಿ ಎಸಳು ಕಂಡಿತು.
ಎಳೆದೆ.
ಹಾಲಿನ ಉಗ್ಗ. ಹಿಡಿಕೆಯ ಬುಡದಲ್ಲಿ
ಇರುವೆಯಷ್ಟು ಸಣ್ಣದಾಗಿ ನನ್ನದೇ ಸಹಿ.

ವನಮಾಲಾಳ ಗೃಹಪ್ರವೇಶಕ್ಕೆ ಕೊಟ್ಟದ್ದು,
ಪಕ್ಕದ ಮೇಜಿನ ವನಮಾಲಾ, ಟಪಾಲು ವಿಭಾಗ.
ಮೂರು ರಾತ್ರಿ ಕೂತಿದ್ದೆ ಅದಕ್ಕೆ.
ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಯಾರದೋ ಹೆಸರು,
ಎಮರಿ ಪೇಪರಿಗೆ ಹೋಗದೆ, ರೆಡ್ ಆಕ್ಸೈಡಿಗೂ ಮುಚ್ಚದೆ
ಉಬ್ಬಿ ಉಬ್ಬಿ ಬರುತ್ತಿತ್ತು.
ಕೊನೆಗೆ ಅದರ ಮೇಲೇ ದೊಡ್ಡ ಹೂವು ಕೂರಿಸಿದ್ದೆ.
ಈಗ ಎರಡು ಎಸಳು ಉದುರಿವೆ,
ಸೌ|| ವಾರಿ– ಇನ್ನೂ ಎಲೆಯ ಅಡಿ,
–ಜಾಕ್ಷಿ ಹೊರಗೆ.

ಗಂಟಲಿಗೆ ಏನೋ ಬಂತು. ಸಿಟ್ಟೇ ಇರಬೇಕು.
ಗೋಡೆಗೆ ತೂಗುಹಾಕಲಿ ಎಂದಲ್ಲವೇ ಕೊಟ್ಟದ್ದು.
ತಿರುಗಿಸಿ ನೋಡಿದೆ,
ತಳ ಪೂರ್ತಿ ಕಪ್ಪು.
ಒಳಗೆ, ಕಂಠದ ಸುತ್ತ,
ಉಕ್ಕಿ ಒಣಗಿದ ಹಾಲಿನ ಬಿಳಿ ಗೆರೆ.
ಒಲೆಗಿಟ್ಟಿದ್ದಾಳೆ!
ದಿನಾ ಇಟ್ಟಿದ್ದಾಳೆ, ಉಜ್ಜಿದ್ದಾಳೆ, ಮತ್ತೆ ಇಟ್ಟಿದ್ದಾಳೆ.
ನಾನು ಚಿತ್ರ ಮಾಡಿದ್ದನ್ನು ಅವಳು
ಮತ್ತೆ ಪಾತ್ರೆ ಮಾಡಿದ್ದಾಳೆ.

‘ಎಷ್ಟು ಇದು, ತೂತು ಉಗ್ಗ?’ ಅಂದೆ, ರೂಢಿ.
ದಾದಾಪೀರಣ್ಣ ಬೆಳಕಿಗೆ ಹಿಡಿದ. ತೂತಿರಲಿಲ್ಲ.
‘ಇದನ್ನ ತೂಕಕ್ಕೆ ಹಾಕಲ್ಲ ಅಕ್ಕ, ಡಿಸೈನ್ ಐತೆ ನೋಡಿ.
ಹತ್ರುಪಾಯ್ ಜಾಸ್ತಿ ಆಗುತ್ತೆ.’
ಈ ಸಲ ಬೀಡಿಯ ತುದಿ ನೋಡಲಿಲ್ಲ.
ತಮಾಷೆಯೋ, ನಿಜಕ್ಕೂ ಗೊತ್ತಿಲ್ಲವೋ,
ಕೇಳಲು ಬಾಯಿ ಬರಲಿಲ್ಲ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಚೌಕಾಸಿ ಇಲ್ಲದೆ ಕೊಟ್ಟೆ.

ಎಮರಿ ಪೇಪರ್ ಹರಿದು ಇಟ್ಟಿದ್ದೇನೆ.
ಇನ್ನೂ ಉಜ್ಜಿಲ್ಲ.
ಸದ್ಯಕ್ಕೆ ಅದರಲ್ಲಿ ಬ್ರಷ್ಷು ನೆನೆಯುತ್ತಿವೆ.

ಸೋಮವಾರ ಊಟದ ಹೊತ್ತಿಗೆ ವನಮಾಲಾ
ಅಪ್ಪೆಮಿಡಿ ತಂದಿದ್ದಳು.
ಒಂದು ನನ್ನ ತಟ್ಟೆಗೆ ಹಾಕಿದಳು.
ಚೆನ್ನಾಗಿತ್ತು, ಇನ್ನೊಂದು ಕೇಳಿದೆ.